ಮಾರ್ಕಿನ ಮಾತು

ಸರ್ಕಾರಿ ಗುಮಾಸ್ತನು ಹುಟ್ಟಿದ್ದಾನೆ ಎಂಬುದಕ್ಕೆ ಅವನ ತಾಯಿ ಸಾಕ್ಷಿಯಲ್ಲ, ಎಸ್.ಎಸ್.ಎಲ್.ಸಿ. ಪುಸ್ತಕವೇ ಸಾಕ್ಷಿ. ನಮ್ಮ ಸೇವಾ ಪುಸ್ತಕದಲ್ಲಿ ಜನ್ಮ ದಿನಾಂಕದ ಒಂದು ಅಂಕಿ ಮೂರೋ ಎಂಟೋ ಎಂಬ ಸಂದೇಹ ಮೇಲಿನವರಿಗೆ ಬಂದು, ಮೂಲ ಪುಸ್ತಕವನ್ನು ಹಾಜರುಪಡಿಸತಕ್ಕದ್ದೆಂದು ಮೆಮೊ ಕೈಸೇರಿದ್ದರಿಂದ, ಕಳೆದ ಮೇ ತಿಂಗಳಲ್ಲಿ ಮಂಗಳೂರು ಮೇಲ್ ಹತ್ತಿ ಊರಿಗೆ ಹೋದೆವು. ನಮ್ಮ ಊರು ಕಾಸರಗೋಡು ಜಿಲ್ಲೆಯದು. ಮಂಜೇಶ್ವರದಲ್ಲಿ ಇಳಿದು ಬಸ್ಸಿನಲ್ಲಿ ಒಳಕ್ಕೆ ಹೋಗಬೇಕು.

‘ನಾವು’ ಎಂದು ಬರೆಯುತ್ತಿರುವುದು ದೊಡ್ಡಸ್ತಿಕೆಯಿಂದಲ್ಲ, ಓದುಗರು ಕ್ಷಮಿಸಬೇಕು. ಕಚೇರಿಯಲ್ಲಿ ‘ಈ ಮೂಲಕ ತಿಳಿಸುವುದೇನೆಂದರೆ’ ಎಂದು ಬರೆದು ಬರೆದು ನಮಗೆ ಏಕವಚನ ಮರೆತುಹೋಗಿದೆ. ಅಲ್ಲದೆ ಇಲ್ಲಿ ಹೇಳುವ ಮಾತಿನಲ್ಲಿ ಅರ್ಧಪಾಲು ನಮ್ಮ ಮನೆಯಾಕೆಯದು.

ಅಟ್ಟದಿಂದ ತಗಡಿನ ಪೆಟ್ಟಿಗೆಯನ್ನು ಇಳಿಸಿ, ಜೇಡರ ಬಲೆ ಒರೆಸಿ ತೆರೆದರೆ, ನಮ್ಮ ಪುಸ್ತಕದ ಕೆಳಗೆ ಇನ್ನೊಂದು ಪುಸ್ತಕ ಸಿಕ್ಕಿತು. ಅದು ಅಜ್ಜನದು, 1953ನೆಯ ಇಸವಿಯದು. ರಟ್ಟಿನ ಮೇಲೆ ಮದ್ರಾಸು ಸರ್ಕಾರದ ಹೆಸರು. 1956ರ ನವೆಂಬರ್ ಒಂದರಂದು ನಮ್ಮ ತಾಲ್ಲೂಕು ಕೇರಳಕ್ಕೆ ಸೇರುವ ತನಕ ನಾವೆಲ್ಲರೂ ಮದ್ರಾಸಿನವರೇ ಅಲ್ಲವೆ? ಹೊಟ್ಟೆಪಾಡಿಗೆ ಮದ್ರಾಸಿಗೆ ಬಂದವರಲ್ಲಿ ಮನೆಯಲ್ಲಿ ನಾವೇ ಮೊದಲಿಗರು ಎಂದುಕೊಂಡಿದ್ದೆವು. ಅಜ್ಜನ ಮಾರ್ಕುಗಳು ನಮಗಿಂತ 65 ವರ್ಷ ಮೊದಲೇ ಇಲ್ಲಿಗೆ ಬಂದು ಹೋಗಿದ್ದವು! ಅಪ್ಪನ ಪುಸ್ತಕವನ್ನು ಮಾತ್ರ ಗೆದ್ದಲು ತಿಂದಿತ್ತು. ಅದು ಗೆದ್ದಲಿನಿಂದ ಮನೆತನಕ್ಕಾದ ಉಪಕಾರ ಎಂದು ಅಮ್ಮನ ಅಭಿಪ್ರಾಯ.

ಅಜ್ಜನ ಪುಸ್ತಕದಲ್ಲಿ ಕನ್ನಡಕ್ಕೆ 61, ಗಣಿತಕ್ಕೆ 28. ಆ ಇಪ್ಪತ್ತೆಂಟರಿಂದಾಗಿ ತನಗೆ ‘ಎಲಿಜಿಬಲ್’ ಎಂಬ ಶಬ್ದ ದಕ್ಕದೆ ಹೋಯಿತೆಂದು ಅಜ್ಜ ಕೊನೆಯವರೆಗೂ ಹೇಳುತ್ತಿದ್ದರು. ಎಲಿಜಿಬಲ್ ಆದವರು ಮಂಗಳೂರಿಗೆ ಹೋಗಿ ಕಾಲೇಜು ಸೇರಿದರು. ಆಗದ ಅಜ್ಜ ಅಡಿಕೆ ಮಂಡಿಯಲ್ಲಿ ರೈಟರಾಗಿ ಕುಳಿತರು. ನಲವತ್ತು ವರ್ಷ ಲೆಕ್ಕ ಬರೆದರು. ತೂಕ, ದರ, ಕಮಿಷನ್, ಬಾಡಿಗೆ, ಹಮಾಲಿ ಎಲ್ಲವನ್ನೂ ಬಾಯಲ್ಲೇ ಕೂಡಿಸಿ ಕಳೆದು, ಕೊನೆಯ ಕಾಸಿನವರೆಗೆ ಹೇಳಿಬಿಡುತ್ತಿದ್ದರು. ಆ 28 ಮಾರ್ಕು ಯಾವ ಲೆಕ್ಕದ್ದು ಎಂದು ಒಮ್ಮೆ ಕೇಳಿದ್ದಕ್ಕೆ, “ಅದು ಜ್ಯಾಮಿತಿ ಮಾರಾಯ. ಅಡಿಕೆ ಮಂಡಿಗೆ ತ್ರಿಕೋನ ಯಾರೂ ತರುವುದಿಲ್ಲ,” ಎಂದಿದ್ದರು.

ಇನ್ನು ನಮ್ಮ ಪುಸ್ತಕ. ಇದು 2005ರದು, ಕೇರಳದಲ್ಲಿ ಎಸ್.ಎಸ್.ಎಲ್.ಸಿ.ಗೆ ಮಾರ್ಕು ತೆಗೆದು ಗ್ರೇಡು ತಂದ ಮೊದಲನೆಯ ವರ್ಷದ್ದು. ಅದರ ಹಿಂದಿನ ವರ್ಷದವರೆಗೆ ಫಲಿತಾಂಶದ ಮರುದಿನ ರ‍್ಯಾಂಕು ಬಂದವರ ಪಟಗಳು ಪತ್ರಿಕೆಯ ಮುಖಪುಟದಲ್ಲಿ ಬರುತ್ತಿದ್ದವು, ತಾಯಿ ಬಾಯಿಗೆ ಲಡ್ಡು ಇಡುವ ಭಂಗಿಯಲ್ಲಿ. ನಮ್ಮ ವರ್ಷದಿಂದ ಅದೆಲ್ಲ ನಿಂತಿತು. ಎ ಪ್ಲಸ್ಸಿನಿಂದ ಇ ತನಕ ಒಂಬತ್ತು ಮೆಟ್ಟಿಲು. ತೊಂಬತ್ತು ಬಂದವನಿಗೂ ನೂರು ಬಂದವನಿಗೂ ಒಂದೇ ಎ ಪ್ಲಸ್. ಮೂವತ್ತು ಬಂದವನಿಗೂ ಮೂವತ್ತೊಂಬತ್ತು ಬಂದವನಿಗೂ ಒಂದೇ ಡಿ ಪ್ಲಸ್. ಎಲ್ಲ ವಿಷಯದಲ್ಲೂ ಕನಿಷ್ಠ ಡಿ ಪ್ಲಸ್ ಬಂದರೆ ಮುಂದಕ್ಕೆ ಓದಬಹುದು. ಒಂದೆರಡು ಮಾರ್ಕಿನ ಹಿಂದೆ ಮುಂದೆಗೆ ಮಕ್ಕಳು ಕಂಗೆಡಬಾರದು ಎಂಬುದು ಇದರ ಉದ್ದೇಶ; ಒಳ್ಳೆಯದೇ. ಆದರೆ ಊರಿಗೆ ಅದನ್ನು ತಿಳಿಸಿ ಹೇಳುವ ಕೆಲಸ ಮಾತ್ರ ಹದಿನಾರು ವರ್ಷದ ನಮ್ಮ ಮೇಲೆ ಬಿತ್ತು.

“ಮಾರ್ಕು ಎಷ್ಟು?” ಎಂದು ಅಜ್ಜ ಜಗಲಿಯಿಂದಲೇ ಕೇಳಿದರು.

“ಮಾರ್ಕು ಇಲ್ಲ ಅಜ್ಜ, ಗ್ರೇಡು.”

“ಗ್ರೇಡಾ? ಅದು ಅಡಿಕೆಗಲ್ಲವಾ ಇರುವುದು?”

ನಾವು ವಿವರಿಸಿದೆವು. ಕನ್ನಡ ಎ ಪ್ಲಸ್, ಸಮಾಜ ಎ, ಇಂಗ್ಲಿಷ್ ಬಿ, ಗಣಿತ ಸಿ ಪ್ಲಸ್, ಹಿಂದಿ ಡಿ ಪ್ಲಸ್. ಅಜ್ಜ ಎಲೆಗೆ ಸುಣ್ಣ ಹಚ್ಚುತ್ತ ಒಂದೊಂದನ್ನೇ ತಮ್ಮ ಮಂಡಿಯ ಭಾಷೆಗೆ ತಿರುಗಿಸಿಕೊಂಡರು. ಅಡಿಕೆಯಲ್ಲಿ ಒಳ್ಳೆಯ ಮಾಲನ್ನು ಆರಿಸಿದ ಮೇಲೆ ಪಟೋರ, ಉಳ್ಳಿ, ಕೋಕ, ಕರಿಗೋಟು ಎಂದು ಕೆಳಕ್ಕೆ ಇಳಿಯುತ್ತದೆ.

“ಹಾಗಾದರೆ ಗಣಿತದಲ್ಲಿ ನೀನು ಪಟೋರ. ಹಿಂದಿಯಲ್ಲಿ ಕೋಕ. ಕರಿಗೋಟು ಆಗಲಿಲ್ಲವಲ್ಲ, ಸಾಕು,” ಎಂದು ಎಲೆ ಬಾಯಿಗಿಟ್ಟರು. ಅಂದಿನಿಂದ ಮನೆಯಲ್ಲಿ ಯಾರೇ ಹಿಂದಿ ಹಾಡು ಹಾಕಿದರೂ ನಮ್ಮನ್ನು ನೋಡಿ ‘ಕೋಕ’ ಎಂದು ನಗುವುದುಂಟು.

ಈ ಕೋಕದ ಮುಂದಿನ ಚರಿತ್ರೆ ಸ್ವಾರಸ್ಯವಾಗಿದೆ. ಕಾಸರಗೋಡಿನಲ್ಲಿ ಬಿ.ಎ. ಮುಗಿಸಿ, ಪರೀಕ್ಷೆಗಳ ಮೇಲೆ ಪರೀಕ್ಷೆ ಬರೆದು, 2013ರಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾದೆವು. ಮೊದಲ ನೇಮಕ ಮಂಗಳೂರಿನಲ್ಲಿ. ಅಲ್ಲಿ ಸೇರಿದ ವಾರವೇ ಒಂದು ನಮೂನೆ ತುಂಬಿಸಿಕೊಂಡರು: ಮೆಟ್ರಿಕ್‌ನಲ್ಲಿ ಹಿಂದಿ ಒಂದು ವಿಷಯವಾಗಿತ್ತೆ? ಆಗಿತ್ತು ಎಂದು ಸತ್ಯವನ್ನೇ ಬರೆದೆವು. 1976ರ ರಾಜಭಾಷಾ ನಿಯಮಗಳ ಪ್ರಕಾರ, ಮೆಟ್ರಿಕ್ ಅಥವಾ ಅದಕ್ಕೆ ಸಮನಾದ ಪರೀಕ್ಷೆಯಲ್ಲಿ ಹಿಂದಿಯನ್ನು ಒಂದು ವಿಷಯವಾಗಿ ಓದಿ ತೇರ್ಗಡೆಯಾದ ನೌಕರನು ಆ ಭಾಷೆಯ ಕೆಲಸಕ್ಕೆ ಸಾಲುವಷ್ಟು ಜ್ಞಾನವುಳ್ಳವನೆಂದು ಭಾವಿಸತಕ್ಕದ್ದು. ಎಷ್ಟು ಮಾರ್ಕು ಎಂದು ನಿಯಮ ಕೇಳುವುದಿಲ್ಲ. ಹೀಗೆ ನಮ್ಮ ಡಿ ಪ್ಲಸ್ಸು ರಾತ್ರೋರಾತ್ರಿ ಜ್ಞಾನವಾಯಿತು. ಸೆಪ್ಟೆಂಬರ್ ಹದಿನಾಲ್ಕರ ಹಿಂದಿ ದಿನದಂದು ಪ್ರಬಂಧ ಓದುವವರ ಪಟ್ಟಿಯಲ್ಲಿ ನಮ್ಮ ಹೆಸರು ಮೊದಲನೆಯದು. ಐದು ವರ್ಷ ಅದೇ ಪ್ರಬಂಧವನ್ನು ಓದಿದೆವು; ಕೇಳಿದವರೂ ನಮ್ಮಷ್ಟೇ ಜ್ಞಾನಿಗಳಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

2018ರಲ್ಲಿ ಚೆನ್ನೈಗೆ ವರ್ಗವಾಯಿತು. ಆ ನಿಯಮಾವಳಿಯ ಮೊದಲನೆಯ ಪುಟದಲ್ಲೇ, ಇದು ತಮಿಳುನಾಡನ್ನು ಬಿಟ್ಟು ಭಾರತಕ್ಕೆಲ್ಲ ಅನ್ವಯಿಸತಕ್ಕದ್ದು ಎಂದಿದೆ. ರೈಲು ಜೋಲಾರಪೇಟೆ ದಾಟುವ ಹೊತ್ತಿಗೆ ನಮ್ಮ ಹಿಂದೀ ಜ್ಞಾನವು ಬಿದ್ದುಹೋಗಿ, ನಾವು ಮತ್ತೆ ಕೋಕವಾದೆವು.

ಇದನ್ನೆಲ್ಲ ಹೇಳಿದ್ದೇಕೆಂದರೆ, ಮಾರ್ಕು ಎಂಬುದು ಹುಡುಗನ ಮಂಡೆಯೊಳಗಿನ ಸರಕು ಎಂದು ನಾವೆಲ್ಲ ತಿಳಿದಿದ್ದೇವೆ; ಅದನ್ನು ಓದುವವರು ಯಾರು, ಯಾವ ಗಡಿಯ ಈಚೆಗೆ ನಿಂತು ಓದುತ್ತಾರೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಇದಕ್ಕೆ ಈ ಚೆನ್ನೈ ನಗರದಲ್ಲೇ, ಅದೂ ನಮ್ಮ ಗುಮಾಸ್ತರ ಕುಲದಲ್ಲೇ, ಒಂದು ದೊಡ್ಡ ದೃಷ್ಟಾಂತವಿದೆ.

ರಾಮಾನುಜನ್ ಅವರ ಕಥೆ ಎಲ್ಲರೂ ಬಲ್ಲದ್ದೇ. ಆದರೂ ಮಕ್ಕಳಿಗೆ ಹೇಳುವಾಗ ನಾವು ಅದರ ನಡುಭಾಗವನ್ನು ಹಾರಿಸುತ್ತೇವೆ. ಕುಂಭಕೋಣದ ಹುಡುಗ 1903ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಮರುವರ್ಷ ಅಲ್ಲಿಯ ಸರ್ಕಾರಿ ಕಾಲೇಜಿಗೆ ವಿದ್ಯಾರ್ಥಿವೇತನದೊಡನೆ ಸೇರಿದ. ಗಣಿತ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಇಂಗ್ಲಿಷಿನಲ್ಲಿ ಬಿದ್ದು, ವೇತನ ಹೋಯಿತು. 1906ರಲ್ಲಿ ಮದ್ರಾಸಿಗೆ ಬಂದು ಪಚ್ಚಯ್ಯಪ್ಪ ಕಾಲೇಜು ಸೇರಿದ. ಎಫ್.ಎ. ಪರೀಕ್ಷೆಯಲ್ಲಿ ಶರೀರಶಾಸ್ತ್ರ ಕೂಡ ಒಂದು ವಿಷಯ. ಅದರಲ್ಲಿ ನೂರಕ್ಕೆ ಹತ್ತು ಬರುವುದೂ ಕಷ್ಟವಾಯಿತು. ಆ ವರ್ಷ ನಪಾಸು. 1907ರಲ್ಲಿ ಖಾಸಗಿಯಾಗಿ ಕಟ್ಟಿದರೂ ನಪಾಸು. ಅಲ್ಲಿಗೆ ವಿದ್ಯಾಭ್ಯಾಸ ಮುಗಿಯಿತು. ಮುಂದೆ ನಾಲ್ಕೈದು ವರ್ಷ ಕೆಲಸಕ್ಕಾಗಿ ಅಲೆದಾಟ. 1912ರ ಮಾರ್ಚ್ ಒಂದರಂದು ಮದ್ರಾಸು ಪೋರ್ಟ್ ಟ್ರಸ್ಟಿನ ಲೆಕ್ಕದ ವಿಭಾಗದಲ್ಲಿ ಗುಮಾಸ್ತೆಯ ಕೆಲಸ, ತಿಂಗಳಿಗೆ 30 ರೂಪಾಯಿ.

ಬಂದರಿನ ಕಡೆಗೆ ನಮಗೂ ಆಗಾಗ ಕಚೇರಿಯ ಕೆಲಸ ಬೀಳುತ್ತದೆ. ರಾಜಾಜಿ ಸಾಲೈಯ ಲಾರಿಗಳ ಹೊಗೆಯಲ್ಲಿ ನಿಂತು ಒಮ್ಮೊಮ್ಮೆ ಯೋಚಿಸಿದ್ದೇವೆ. ಈ ಹುಡುಗನ ಅರ್ಜಿ ನಮ್ಮ ಮೇಜಿಗೆ ಬಂದಿದ್ದರೆ ನಾವು ಏನು ಬರೆಯುತ್ತಿದ್ದೆವು? ಸಂಕೋಚವಿಲ್ಲದೆ ಹೇಳುತ್ತೇವೆ: ‘ಎಫ್.ಎ. ನಪಾಸು, ಎರಡು ಬಾರಿ. ಪರಿಶೀಲಿಸಲು ಆಸ್ಪದವಿಲ್ಲ’ ಎಂದು ಬರೆದು ಮೇಲಕ್ಕೆ ಕಳುಹಿಸುತ್ತಿದ್ದೆವು. ವಿಷಯವಾರು ಕನಿಷ್ಠ ಅಂಕ ಎಂಬ ನಿಯಮವನ್ನು ಬೈಯುವುದು ಸುಲಭ. ಗಣಿತದ ಗುಂಗಿನಲ್ಲಿ ಶರೀರಶಾಸ್ತ್ರದಲ್ಲಿ ಬಿದ್ದವನು ಒಬ್ಬ. ಬೀಡಿಯ ಗುಂಗಿನಲ್ಲಿ ಬಿದ್ದವರು ಸಾವಿರ. ಉತ್ತರಪತ್ರಿಕೆ ತಿದ್ದುವವನಿಗೆ ಇಬ್ಬರೂ ಒಂದೇ ತರಹ ಕಾಣುತ್ತಾರೆ. ಆದರೆ ಆ ಕಚೇರಿಯಲ್ಲಿ ಮ್ಯಾನೇಜರಾಗಿದ್ದ ಎಸ್. ನಾರಾಯಣ ಅಯ್ಯರ್ ಸ್ವತಃ ಗಣಿತ ಬಲ್ಲವರು. ಅಧ್ಯಕ್ಷರಾಗಿದ್ದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಎಂಜಿನಿಯರು. ಈ ಗುಮಾಸ್ತನ ನೋಟುಬುಕ್ಕನ್ನು ಅವರು ತೆರೆದು ನೋಡಿದರು. 1913ರ ಜನವರಿಯಲ್ಲಿ ಕೇಂಬ್ರಿಜ್‌ನ ಹಾರ್ಡಿಯವರಿಗೆ ಕಾಗದ ಹೋಯಿತು. ಅದೇ ವರ್ಷ ಮದ್ರಾಸು ವಿಶ್ವವಿದ್ಯಾನಿಲಯವು, ಎಂ.ಎ. ಆದವರಿಗೆ ಮಾತ್ರ ಕೊಡುವ ಸಂಶೋಧನಾ ವೇತನವನ್ನು, ತಾನೇ ಎರಡು ಸಲ ನಪಾಸು ಮಾಡಿದ್ದ ಈ ಹುಡುಗನಿಗೆ ತಿಂಗಳಿಗೆ 75 ರೂಪಾಯಿಯಂತೆ ಕೊಟ್ಟಿತು. 1914ರಲ್ಲಿ ಆತ ಹಡಗು ಹತ್ತಿದ. 1918ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯನಾದ. 1920ರಲ್ಲಿ ಇದೇ ಮದ್ರಾಸಿನಲ್ಲಿ ಮೂವತ್ತೆರಡನೆಯ ವಯಸ್ಸಿಗೆ ತೀರಿಕೊಂಡ. ನಿಯಮವನ್ನು ಮುರಿದ ಆ ಒಂದು ಕಡತವನ್ನು ಯಾವ ಗುಮಾಸ್ತನು ಮಂಡಿಸಿದನೋ, ಅವನ ಕೈಗೆ ನಮಸ್ಕಾರ.

ಇದು ಒಂದೇ ವಿಷಯ ಬಲ್ಲವರ ಮಾತಾಯಿತು. ನಮ್ಮ ಊರಿನವರದು ಇದಕ್ಕೆ ತಿರುಗಾಮುರುಗ. ಮಂಜೇಶ್ವರದ ಗೋವಿಂದ ಪೈಗಳು ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಬಿ.ಎ. ಓದಿದವರು. ಆ ಕಾಲೇಜು ಆಗ ಜಾರ್ಜ್ ಟೌನಿನಲ್ಲಿತ್ತು. ತಾಂಬರಕ್ಕೆ ಹೋದದ್ದು 1937ರಲ್ಲಿ. ಕೊನೆಯ ಪರೀಕ್ಷೆಯ ನಡುವೆ ತಂದೆಯವರ ವಿಷಯವಾಗಿ ಊರಿನಿಂದ ಕರೆ ಬಂದು, ಇಂಗ್ಲಿಷ್ ಪರೀಕ್ಷೆಯೊಂದನ್ನು ಬರೆದು ಪೈಗಳು ಹೊರಟುಹೋದರು. ಆ ಇಂಗ್ಲಿಷಿನಲ್ಲಿ ಅವರೇ ಮೊದಲಿಗರಾಗಿ ಚಿನ್ನದ ಪದಕ ಬಂತು. ಉಳಿದ ಪತ್ರಿಕೆಗಳನ್ನು ಬರೆಯಲೇ ಇಲ್ಲ, ಬಿ.ಎ. ಆಗಲೇ ಇಲ್ಲ. ಮನೆಯ ಹೊಣೆ ಹೊತ್ತು ಮಂಜೇಶ್ವರದಲ್ಲೇ ಕುಳಿತು, ಎಷ್ಟೋ ಭಾಷೆಗಳನ್ನು ತಾವೇ ಕಲಿತು, ಕನ್ನಡದಲ್ಲಿ ಬರೆದರು. 1949ರಲ್ಲಿ ಮದ್ರಾಸು ಸರ್ಕಾರ ಅವರಿಗೆ ರಾಷ್ಟ್ರಕವಿ ಎಂಬ ಬಿರುದು ಕೊಟ್ಟಿತು. ಇಂದು ಮಂಜೇಶ್ವರದ ಸರ್ಕಾರಿ ಕಾಲೇಜಿಗೆ ಅವರ ಹೆಸರೇ. ಪದವಿ ಇಲ್ಲದವರ ಹೆಸರಿನಲ್ಲಿ ವರ್ಷ ವರ್ಷವೂ ಪದವೀಧರರು ಹೊರಬರುತ್ತಾರೆ.

ಇದನ್ನು ಓದಿ ಹೇಳಿದಾಗ ನಮ್ಮ ಮನೆಯಾಕೆ ಕೊತ್ತಂಬರಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ, “ಅವರಿಗೆ ತೋಟ ಮನೆ ಇತ್ತು. ನಿಮಗೆ ಬಿ.ಎ. ಇಲ್ಲದಿದ್ದರೆ ನಾವು ಉಣ್ಣುವುದು ಎಂತ?” ಎಂದಳು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ದೊಡ್ಡವರು ನಪಾಸಾದ ಕಥೆಗಳನ್ನು ಪಾಸಾಗಲೇಬೇಕಾದವರ ಮನೆಯಲ್ಲಿ ಜೋಪಾನವಾಗಿ ಹೇಳಬೇಕು.

ವಿಷಯ ಆರಿಸುವುದರಲ್ಲಿಯೂ ನಾವು ಅಂದುಕೊಂಡಷ್ಟು ಯೋಚನೆ ಯಾರೂ ಮಾಡಿದ್ದಿಲ್ಲ. ಅದೇ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದ ರಾಧಾಕೃಷ್ಣನ್ ಅವರು ತತ್ತ್ವಶಾಸ್ತ್ರ ಹಿಡಿದದ್ದು, ಆ ವಿಷಯ ಓದಿ ಮುಗಿಸಿದ ನೆಂಟರ ಹುಡುಗನ ಪಠ್ಯಪುಸ್ತಕಗಳು ಬಿಟ್ಟಿಯಾಗಿ ಸಿಕ್ಕಿದ್ದರಿಂದ. ಮುಂದೆ ಮೈಸೂರಿನಲ್ಲಿ ಪ್ರಾಧ್ಯಾಪಕರಾದರು, ರಾಷ್ಟ್ರಪತಿಗಳೂ ಆದರು. ಆ ಹುಡುಗ ಓದಿದ್ದು ರಸಾಯನಶಾಸ್ತ್ರವಾಗಿದ್ದರೆ! ಮಾಸ್ತಿಯವರನ್ನು ನೋಡಿ: ಮನೆಯ ಮಾತು ತಮಿಳು, 1914ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದಿಂದ ಪಡೆದ ಎಂ.ಎ. ಇಂಗ್ಲಿಷಿನದು, ಮೈಸೂರು ಸರ್ಕಾರದ ಚಾಕರಿಯ ಜೊತೆಜೊತೆಗೆ ಬರೆದದ್ದು ಬಹುಪಾಲು ಕನ್ನಡ, 1983ರ ಜ್ಞಾನಪೀಠ ಬಂದದ್ದೂ ಕನ್ನಡದ ‘ಚಿಕವೀರ ರಾಜೇಂದ್ರ’ಕ್ಕೆ. ಯಾವುದು ಅವರ ‘ಬೆಸ್ಟ್ ಸಬ್ಜೆಕ್ಟ್’ ಎಂದು ಯಾವ ಪಟ್ಟಿಯನ್ನು ನೋಡಿ ಹೇಳುವುದು?

ಈಗಿನ ಮಾತಿಗೆ ಬರೋಣ. ಇಲ್ಲಿ ತಮಿಳುನಾಡಿನಲ್ಲಿ ಹತ್ತನೆಯದಕ್ಕೆ ಐದು ವಿಷಯ, ಐದು ನೂರು ಮಾರ್ಕು. 35 ಬಂದರೆ ಪಾಸು. ಕರ್ನಾಟಕದಲ್ಲಿ 625, ಅದರಲ್ಲಿ ಪ್ರಥಮ ಭಾಷೆಗೆ 125. 2017ರಿಂದ ಇಲ್ಲಿಯೂ ರ‍್ಯಾಂಕು ಪ್ರಕಟಿಸುವುದನ್ನು ನಿಲ್ಲಿಸಿದ್ದಾರೆ. ಪತ್ರಿಕೆಯಿಂದ ರ‍್ಯಾಂಕು ಹೋದದ್ದು ಟ್ಯೂಷನ್ ಅಂಗಡಿಗಳ ಬ್ಯಾನರಿನ ಮೇಲೆ ಹೋಗಿ ಕುಳಿತಿದೆ, ಅಷ್ಟೆ. ಹನ್ನೆರಡನೆಯದು ಮುಗಿದ ಮೇಲೆ ಎಂಜಿನಿಯರಿಂಗಿಗೆ ಹೋಗುವವರಿಗೆ ‘ಕಟ್ ಆಫ್’ ಎಂಬುದೊಂದು ಉಂಟು. ಅದು 200ಕ್ಕೆ: ಗಣಿತಕ್ಕೆ ನೂರು, ಭೌತಶಾಸ್ತ್ರಕ್ಕೆ ಐವತ್ತು, ರಸಾಯನಶಾಸ್ತ್ರಕ್ಕೆ ಐವತ್ತು. ಭಾಷೆಗೆ ಸೊನ್ನೆ. ತಮಿಳಾಗಲಿ, ಇಂಗ್ಲಿಷಾಗಲಿ, ಪಾಸಾಗಿದ್ದರೆ ಸಾಕು. ಆದ್ದರಿಂದ ಮನೆಮನೆಯಲ್ಲೂ ಲೆಕ್ಕಾಚಾರ ಹೀಗೆ ನಡೆಯುತ್ತದೆ: ಕಟ್ ಆಫ್‌ಗೆ ಬಾರದ ವಿಷಯಕ್ಕೆ ಯಾಕೆ ಹೊತ್ತು ಕಳೆಯುವುದು? ಭಾಷೆ ಆರಿಸಲು ಅವಕಾಶವಿದ್ದ ಶಾಲೆಗಳಲ್ಲಿ ‘ಸ್ಕೋರಿಂಗ್’ ಭಾಷೆ ಯಾವುದೋ ಅದನ್ನು ತೆಗೆದುಕೊಳ್ಳುವುದು. ಮನೆಯಲ್ಲಿ ಯಾರೂ ಆಡದ ಫ್ರೆಂಚನ್ನು ತೆಗೆದುಕೊಂಡು ತೊಂಬತ್ತೆಂಟು ಪಡೆದ ಕನ್ನಡದ ಮಕ್ಕಳನ್ನು ನಾವು ಬಲ್ಲೆವು. ಅವರನ್ನು ದೂರುವುದಿಲ್ಲ. ಆ ತೊಂಬತ್ತೆಂಟನ್ನು ಮಕ್ಕಳು ಬೆವರು ಸುರಿಸಿಯೇ ಗಳಿಸಿದ್ದಾರೆ.

2006ರ ತಮಿಳು ಕಲಿಕೆಯ ಕಾಯಿದೆ ಬಂದ ಮೇಲೆ ತಮಿಳು ಒಂದನೆಯ ತರಗತಿಯಿಂದ ಹಂತಹಂತವಾಗಿ ಕಡ್ಡಾಯವಾಯಿತು. ಈ ನೆಲದ ಅನ್ನ ಉಣ್ಣುವ ಮಕ್ಕಳು ಈ ನೆಲದ ಮಾತನ್ನು ಕಲಿಯುವುದು ನ್ಯಾಯವೇ. ಅದೇ ಕಾಯಿದೆಯಲ್ಲಿ ನಮ್ಮಂಥವರಿಗೂ ಒಂದು ಜಾಗ ಬಿಟ್ಟಿದ್ದಾರೆ: ಮೊದಲನೆಯ ಭಾಗ ತಮಿಳು, ಎರಡನೆಯದು ಇಂಗ್ಲಿಷ್, ಮೂರನೆಯದು ಉಳಿದ ವಿಷಯಗಳು, ನಾಲ್ಕನೆಯದರಲ್ಲಿ, ತಾಯಿನುಡಿ ಬೇರೆಯಾದವರು ಅದನ್ನು ಐಚ್ಛಿಕವಾಗಿ ಕಲಿಯಬಹುದು. ಐಚ್ಛಿಕ ಎಂಬ ಶಬ್ದದ ಬಲ ಸರ್ಕಾರಿ ನೌಕರರಿಗೆ ಗೊತ್ತು. ಐಚ್ಛಿಕ ರಜೆ ಸಿಗುವಷ್ಟೇ ಅದೂ ಸಿಗುತ್ತದೆ. ನಮ್ಮ ಮಗಳು ಓದುವ ಶಾಲೆಯಲ್ಲಿ ಕನ್ನಡದ ಅಧ್ಯಾಪಕರಿಲ್ಲ.

ಮಗಳು ಐದನೆಯ ತರಗತಿ. ಸೆಪ್ಟೆಂಬರಿನ ಕ್ವಾರ್ಟರ್ಲಿ ಪರೀಕ್ಷೆಯಾಗಿ ರ‍್ಯಾಂಕ್ ಕಾರ್ಡು ಬಂತು. (ರ‍್ಯಾಂಕು ಹೋದರೂ ಕಾರ್ಡಿನ ಹೆಸರು ಹೋಗಿಲ್ಲ.) ತಮಿಳು 94, ಇಂಗ್ಲಿಷ್ 88, ವಿಜ್ಞಾನ 83, ಸಮಾಜ 79, ಗಣಿತ 71. ನಾವಿಬ್ಬರೂ ಆ ಎಪ್ಪತ್ತೊಂದನ್ನೇ ನೋಡಿದೆವು. ಮನೆಯಲ್ಲಿ ಅಡಿಕೆ ಮಂಡಿಯ ಅಜ್ಜನ ಕಥೆ ಹೇಳುವ ಅಪ್ಪನೇ, “ಗಣಿತ ಯಾಕೆ ಹೀಗಾಯಿತು?” ಎಂದು ಕೇಳಿದ. ಹುಡುಗಿ ತೊಂಬತ್ತನಾಲ್ಕರ ಮೇಲೆ ಬೆರಳಿಟ್ಟು ನಿಂತಿದ್ದಳು. ಆ ಬೆರಳನ್ನು ನಾವು ನೋಡಿದ್ದು ಆಮೇಲೆ.

ಅಕ್ಟೋಬರಿನಲ್ಲಿ ಶಾಲೆಯವರು ಒಂದೊಂದು ಅಂಚೆ ಕಾರ್ಡು ಕೊಟ್ಟು, ಅಜ್ಜ ಅಜ್ಜಿಯರಿಗೆ ಕಾಗದ ಬರೆಯಿರಿ ಎಂದು ಹೇಳಿದ್ದರು. ಇವಳು ತಾನೇ ಬರೆದು, ವಿಳಾಸವನ್ನು ಮಾತ್ರ ನಮ್ಮಿಂದ ಬರೆಸಿಕೊಂಡು, ಡಬ್ಬಿಗೆ ಹಾಕಿದಳು. ವಾರ ಕಳೆದು ಒಂದು ರಾತ್ರಿ ಅಮ್ಮನ ಫೋನು.

“ಕಾಳಿಗೆ ಪಿತ್ತ ಅಂತ ಮದ್ರಾಸಿನಲ್ಲಿ ಕೂತು ಪುಟ್ಟಿಗೆ ಹೇಗೆ ಗೊತ್ತಾಯಿತು ಮಾರಾಯ? ಇಲ್ಲಿ ನೋಡಿದರೆ ದನ ಚೆನ್ನಾಗಿ ಮೇಯುತ್ತಾ ಉಂಟು.”

ಕಾಳಿ ಎಂಬುದು ನಮ್ಮ ಹಟ್ಟಿಯ ಕಪ್ಪು ಹಸು. ನಮಗೆ ಏನೂ ಅರ್ಥವಾಗಲಿಲ್ಲ. ಮಗಳನ್ನು ಕರೆದು ಕೇಳಿದರೆ ಅವಳು ಬರೆದದ್ದು ಇಷ್ಟು: “ಅಜ್ಜಿ, ಗಾಳಿಗೆ ಬಾಳೆ ಗಿಡ ಬಿತ್ತಂತೆ.” ಹಿಂದಿನ ಭಾನುವಾರ ಊರಿನಲ್ಲಿ ಗಾಳಿಮಳೆಗೆ ಬಾಳೆ ಬಿದ್ದ ಸುದ್ದಿಯನ್ನು ಫೋನಿನಲ್ಲಿ ಕೇಳಿಸಿಕೊಂಡಿದ್ದಳು. ಮಾತು ಕನ್ನಡವೇ. ಆದರೆ ಕನ್ನಡ ಅಕ್ಷರ ಬಾರದ್ದರಿಂದ, ತನಗೆ ತೊಂಬತ್ತನಾಲ್ಕು ಬಂದ ತಮಿಳು ಅಕ್ಷರದಲ್ಲಿ ಬರೆದಿದ್ದಳು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪ, ಬ ಎರಡಕ್ಕೂ ಒಂದೇ. ಅವರ ಮಾತಿಗೆ ಅದು ಸರಿ, ನಮ್ಮ ಮಾತಿಗೆ ಸಾಲದು. ಅಮ್ಮನಿಗೆ ತಮಿಳು ಬಾರದು. ಪಕ್ಕದ ಮನೆಯವರು ಇಪ್ಪತ್ತು ವರ್ಷ ಮದ್ರಾಸಿನ ಹೋಟೆಲಿನಲ್ಲಿದ್ದವರು. ಬಸ್ಸಿನ ಬೋರ್ಡು ಓದಿ ಕಲಿತ ತಮಿಳು ಅವರದು. ಅವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರಂತೆ: “ಅಜ್ಜಿ, ಕಾಳಿಗೆ ಪಾಳೆ ಕಿಡ ಪಿತ್ತಂದೆ.” ಅಡಿಕೆ ಹಾಳೆಗೆ ತುಳುವಿನಲ್ಲಿ ಪಾಳೆ ಎನ್ನುತ್ತಾರಷ್ಟೆ. ಹಸು ಹಾಳೆ ತಿಂದು ಪಿತ್ತ ಕೆರಳಿದೆ ಎಂದು ಇಬ್ಬರೂ ಸೇರಿ ತೀರ್ಮಾನಿಸಿ, ಕಾಳಿಗೆ ಜೀರಿಗೆ ಕಷಾಯ ಕುಡಿಸಿದ್ದರು.

ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಮಗಳೂ ನಕ್ಕಳು. ನಕ್ಕು ಮುಗಿದ ಮೇಲೆ ನಮ್ಮ ಮನೆಯಾಕೆ ಆ ರ‍್ಯಾಂಕ್ ಕಾರ್ಡನ್ನು ಮತ್ತೆ ತೆಗೆದು ನೋಡಿ, “ಇದರಲ್ಲಿ ಕನ್ನಡಕ್ಕೆ ಕಾಲಮ್ಮೇ ಇಲ್ಲ ನೋಡಿ,” ಎಂದಳು. ನಾವು ವರ್ಷಕ್ಕೆ ನಾಲ್ಕು ಸಲ ಸಹಿ ಹಾಕಿದ ಕಾರ್ಡು ಅದು. ಕಡಿಮೆ ಬಂದದ್ದು ಕಣ್ಣಿಗೆ ಬಿದ್ದಿತ್ತು, ಇಲ್ಲದ್ದು ಬಿದ್ದಿರಲಿಲ್ಲ.

ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಗೆ ಹೋಗು ಎಂದರೆ ಹುಡುಗಿ ಎರಡು ವಾರ ಹೋಗಿ ನಿಲ್ಲಿಸಿದ್ದವಳು. ಯಾಕೆ ಎಂದು ಈಗ ಕೇಳಿದೆವು.

“ಅಲ್ಲಿ ಮಾರ್ಕು ಕೊಡುವುದಿಲ್ಲವಲ್ಲ, ಅಪ್ಪ.”

ಮಕ್ಕಳಿಗೆ ಹಿಂಸೆಯಾಗಬಾರದೆಂದು ಪರೀಕ್ಷೆ ಬೇಡವೆಂದು ಸಂಘದ ಸಭೆಯಲ್ಲಿ ಕೈಯೆತ್ತಿದವರಲ್ಲಿ ನಾವೂ ಒಬ್ಬರು. ಏನು ಹೇಳುವುದು? ಹಿರಿಯರೊಬ್ಬರನ್ನು ಕೇಳಿದ್ದಕ್ಕೆ, ಭಾಷೆಯನ್ನು ಮಾರ್ಕಿಗಾಗಿ ಕಲಿಸಬಾರದು, ಪ್ರೀತಿಯಿಂದ ಕಲಿಸಬೇಕು ಎಂದರು. ಮಾತು ಸರಿಯೇ. ಆದರೆ ಬೆಳಗಿನಿಂದ ಸಂಜೆಯವರೆಗೆ ಮಾರ್ಕಿನಲ್ಲೇ ಬದುಕುವ ಮಗುವಿಗೆ, ಮಾರ್ಕಿಲ್ಲದ ವಿಷಯ ದೊಡ್ಡವರು ಲೆಕ್ಕಕ್ಕಿಟ್ಟುಕೊಳ್ಳದ ವಿಷಯವಾಗಿಯೇ ಕಾಣುತ್ತದೆ. ಗ್ರೇಡು ಬಂದ ವರ್ಷ ನಮ್ಮ ಅಜ್ಜನೂ ಕೇಳಿದ್ದು ಅದನ್ನೇ ಅಲ್ಲವೆ, “ಮಾರ್ಕು ಎಷ್ಟು?” ಎಂದು?

ಹೀಗಾಗಿ ಮಾರ್ಕಿನ ವಿರುದ್ಧ ಇಷ್ಟೆಲ್ಲ ಬರೆಯುವ ನಾವು, ದೀಪಾವಳಿಯ ರಜೆಯಲ್ಲಿ ನಲವತ್ತು ಪುಟದ ನೋಟುಬುಕ್ಕು ತಂದು, ಕೆಂಪು ಪೆನ್ನು ಹಿಡಿದು, ಮಗಳಿಗೆ ಪರೀಕ್ಷಕರಾದೆವು. ಕಾಗುಣಿತಕ್ಕೆ ಮೂರು ವಾರ. ಮೊದಲನೆಯ ಉಕ್ತಲೇಖನ ಹತ್ತು ಶಬ್ದ: ಗಾಳಿ, ಕಾಳಿ, ಬಾಳೆ, ಹಾಳೆ, ಗಿಡ, ದನ, ತನಕ, ಧನ, ಭತ್ತ, ಪಿತ್ತ. ಬಂದದ್ದು ನಾಲ್ಕು. ಧ, ಭ ಎಂಬ ಹೊಟ್ಟೆ ಸೀಳಿದ ಅಕ್ಷರಗಳು ಯಾಕೆ ಬೇಕು, ತಮಿಳಿನವರು ಅವಿಲ್ಲದೆ ಚೆನ್ನಾಗಿಯೇ ಇದ್ದಾರಲ್ಲ ಎಂದು ವಾದಿಸಿದಳು. ನಮಗೆ ತಿಳಿದಷ್ಟು ಹೇಳಿದೆವು. ತನ್ನ ಜನ್ಮದಲ್ಲಿ ಹತ್ತಕ್ಕೆ ನಾಲ್ಕು ತೆಗೆದದ್ದೇ ಇಲ್ಲವೆಂದು ಅತ್ತಳು. ನಮ್ಮ ಮನೆಯಾಕೆ ಅಡುಗೆಮನೆಯಿಂದ, “ಬೇಡ ಬಿಡಿ, ಅದೊಂದು ಕಾಟ ಯಾಕೆ ಮಗುವಿಗೆ?” ಎಂದಳು. ಎರಡು ದಿನ ನೋಟುಬುಕ್ಕು ಕಪಾಟಿನ ಮೇಲಿತ್ತು. ಮೂರನೆಯ ದಿನ ಅದು ಹುಡುಗಿಯ ಚೀಲದಲ್ಲಿತ್ತು; ಹೇಗೆ ಹೋಯಿತೆಂದು ನಾವು ವಿಚಾರಣೆ ಮಾಡಲಿಲ್ಲ.

ಜನವರಿಯಲ್ಲಿ, ಪೊಂಗಲ್ ಮುಗಿದ ಮೇಲೆ, ಎರಡನೆಯ ಕಾರ್ಡು ಊರಿಗೆ ಹೋಯಿತು. ಏಳು ಸಾಲು, ಕನ್ನಡ ಅಕ್ಷರದಲ್ಲಿ. ನಾವು ತಿದ್ದಬಾರದೆಂದು ಕರಾರಾದ್ದರಿಂದ ತಿದ್ದಲಿಲ್ಲ. ಹತ್ತು ದಿನಕ್ಕೆ ಮನೆಗೆ ಒಂದು ಲಕೋಟೆ ಬಂತು. ಒಡೆದರೆ ಅದೇ ಕಾರ್ಡು! ಅಮ್ಮ ಐದನೆಯ ತರಗತಿಯವರೆಗೆ ಓದಿದವರು. ತಪ್ಪಿದ ಕಡೆಯಲ್ಲೆಲ್ಲ ಕೆಂಪು ಶಾಯಿಯಲ್ಲಿ ಗುಂಡಗೆ ಸುತ್ತು ಹಾಕಿ, ಮಗ್ಗುಲಲ್ಲಿ ಸರಿರೂಪ ಬರೆದು, ಕೆಳಗೆ ‘10ಕ್ಕೆ 6’ ಎಂದು ಹಾಕಿ, ಅಜ್ಜ ಮಂಡಿಯ ಚೀಟಿಗೆ ಮಾಡುತ್ತಿದ್ದ ಹಾಗೆ ಅಡ್ಡಗೆರೆ ಎಳೆದು ರುಜು ಮಾಡಿದ್ದರು. ಅಂಚಿನಲ್ಲಿ ಸಣ್ಣಕ್ಷರದಲ್ಲಿ, ‘ಕಾಳಿ ಕರು ಹಾಕಿತು. ಹೆಣ್ಣು’ ಎಂದಿತ್ತು.

ಮಗಳು ಕಾರ್ಡನ್ನು ಬೆಳಕಿಗೆ ಹಿಡಿದು, ಬೆರಳಿಟ್ಟು ಸುತ್ತುಗಳನ್ನು ಎಣಿಸಿದಳು. ಎಣಿಸಿ, ಮೂರನೆಯ ಸಾಲಿನ ‘ಬಾಳೆ’ ಸರಿಯಾಗಿಯೇ ಇದೆ, ಅಜ್ಜಿಗೆ ಕನ್ನಡಕ ಬೇಕಾಗಿದೆ, ತನಗೆ ಅರ್ಧ ಮಾರ್ಕು ಬಾಕಿ ಬರಬೇಕು ಎಂದು ಆಗಲೇ ಫೋನು ಮಾಡಿಸಿದಳು.